ಯೋಮ್ ಕಿಪ್ಪುರ್: ಒಂದು ದಿನದ ಉಪವಾಸದಿಂದ ಯಾವ ಪಾಪ ಕಳೆಯುತ್ತದೆ?

ಹೊಳೆದಂಡೆ:

2025ರ ಅಕ್ಟೋಬರ್ 2ರಂದು ನಮ್ಮಲ್ಲಿ ವಿಜಯದಶಮಿ ಇತ್ತು, ಯೆಹೂದ್ಯರಿಗೆ ಅದೇ ದಿನ ಯೋಮ್ ಕಿಪ್ಪುರ್, ಅಂದರೆ ದೋಷಪರಿಹಾರದ ದಿನ. ಒಂದು ಸೂರ್ಯಾಸ್ತದಿಂದ ಮರುದಿನ ನಕ್ಷತ್ರ ಕಾಣುವವರೆಗೆ, ಸುಮಾರು 25 ಗಂಟೆಗಳ ಕಾಲ, ನೀರನ್ನೂ ಮುಟ್ಟದೆ ಉಪವಾಸವಿದ್ದು ಪ್ರಾರ್ಥಿಸುತ್ತಾರೆ ಎಂಬಷ್ಟು ನನಗೆ ಗೊತ್ತು. ಇದನ್ನು ನಮ್ಮ ನಿರ್ಜಲ ಏಕಾದಶಿಯ ಹಾಗೆ ಒಂದು ವ್ರತವೆಂದು ತಿಳಿಯಬಹುದೇ? ಅಥವಾ ಇದರ ತಿರುಳು ಬೇರೆಯೇ? ಇನ್ನೊಂದು ಪ್ರಶ್ನೆ ನನ್ನನ್ನು ಹೆಚ್ಚು ಕಾಡುತ್ತಿದೆ. ವರ್ಷವಿಡೀ ಮಾಡಿದ ತಪ್ಪುಗಳು ಒಂದು ದಿನ ಹಸಿದಿದ್ದ ಮಾತ್ರಕ್ಕೆ ಕಳೆದುಹೋಗುವುದಾದರೆ, ಅನ್ಯಾಯಕ್ಕೆ ಒಳಗಾದವನ ಗತಿಯೇನು? ಅವನನ್ನು ಯಾರೂ ಕೇಳುವುದೇ ಇಲ್ಲವೇ?

ತಾಳೆಗರಿ:

ನಿಮ್ಮ ಎರಡನೆಯ ಪ್ರಶ್ನೆಗೆ ಯೆಹೂದಿ ಪರಂಪರೆ ಸುಮಾರು 1800 ವರ್ಷಗಳ ಹಿಂದೆಯೇ ಖಚಿತವಾದ ಉತ್ತರ ಕೊಟ್ಟಿದೆ. ಆದ್ದರಿಂದ ಅದನ್ನೇ ಮೊದಲು ಹೇಳುತ್ತೇನೆ. ಮಿಷ್ನಾ ಎಂಬ ಧರ್ಮಸಂಗ್ರಹದಲ್ಲಿ ಈ ದಿನಕ್ಕೆಂದೇ ಮೀಸಲಾದ ‘ಯೋಮಾ’ ಎಂಬ ಭಾಗವಿದೆ. ಅದರ ಕೊನೆಯ ಅಧ್ಯಾಯದ ಕೊನೆಯಲ್ಲಿ ಈ ವಿಚಾರ ಬರುತ್ತದೆ: ಮನುಷ್ಯನಿಗೂ ದೇವರಿಗೂ ನಡುವಿನ ಪಾಪಗಳಿಗೆ ಯೋಮ್ ಕಿಪ್ಪುರ್ ಪರಿಹಾರ ಒದಗಿಸುತ್ತದೆ, ಆದರೆ ಮನುಷ್ಯನಿಗೂ ಇನ್ನೊಬ್ಬ ಮನುಷ್ಯನಿಗೂ ನಡುವಿನ ಪಾಪಗಳಿಗೆ, ನೊಂದವನನ್ನು ಸಮಾಧಾನಪಡಿಸುವವರೆಗೂ, ಅದು ಪರಿಹಾರವಾಗುವುದಿಲ್ಲ. ಅದೇ ಜಾಗದಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ‘ಪಾಪ ಮಾಡುತ್ತೇನೆ, ಯೋಮ್ ಕಿಪ್ಪುರ್ ಹೇಗೂ ಕಳೆಯುತ್ತದೆ’ ಎಂದುಕೊಂಡು ಪಾಪಕ್ಕಿಳಿದವನಿಗೆ ಯೋಮ್ ಕಿಪ್ಪುರ್ ಏನನ್ನೂ ಕಳೆಯುವುದಿಲ್ಲ.

ಇನ್ನು ವ್ರತದ ವಿಷಯ. ಯೆಹೂದ್ಯರ ಮೂಲ ಧರ್ಮಗ್ರಂಥವಾದ ತೋರಾದ ಯಾಜಕಕಾಂಡದ 16ನೆಯ ಮತ್ತು 23ನೆಯ ಅಧ್ಯಾಯಗಳಲ್ಲಿ ಏಳನೆಯ ತಿಂಗಳಾದ ತಿಶ್ರೀಯ ಹತ್ತನೆಯ ದಿನ ಯಾವ ಕೆಲಸವನ್ನೂ ಮಾಡದೆ ದೇಹಮನಸ್ಸುಗಳನ್ನು ದಂಡಿಸಿಕೊಳ್ಳಬೇಕೆಂಬ ವಿಧಿ ಇದೆ. ದಂಡನೆ ಎಂದರೆ ಏನು ಎಂಬುದನ್ನು ಮಿಷ್ನಾ ಐದು ನಿಷೇಧಗಳಾಗಿ ಬಿಡಿಸಿ ಹೇಳುತ್ತದೆ. ಆ ದಿನ ಉಣ್ಣುವಂತಿಲ್ಲ, ಕುಡಿಯುವಂತಿಲ್ಲ (ಇವೆರಡೂ ಸೇರಿ ಒಂದು), ಸ್ನಾನವಿಲ್ಲ, ಎಣ್ಣೆ ಸುಗಂಧಗಳ ಲೇಪನವಿಲ್ಲ, ಚರ್ಮದ ಪಾದರಕ್ಷೆ ತೊಡುವಂತಿಲ್ಲ, ದಾಂಪತ್ಯ ಸಂಗವಿಲ್ಲ. ಇಂದಿಗೂ ಸಭಾಮಂದಿರಗಳಲ್ಲಿ ಆ ದಿನ ಬಟ್ಟೆಯ ಅಥವಾ ರಬ್ಬರಿನ ಪಾದರಕ್ಷೆ ತೊಟ್ಟ ಹಿರಿಯರನ್ನು ಕಾಣಬಹುದು.

ಆದರೆ ಇದು ಶೋಕದ ಉಪವಾಸವಲ್ಲ. ಯೆರೂಸಲೇಮಿನ ದೇವಾಲಯ ನಾಶವಾದುದಕ್ಕೆ ಮರುಗುವ ಉಪವಾಸ ಬೇಸಗೆಯಲ್ಲಿ ಬೇರೆಯೇ ಇದೆ. ಯೋಮ್ ಕಿಪ್ಪುರ್ ದಿನ ಬಿಳಿಯ ಉಡುಪು ತೊಡುತ್ತಾರೆ, ಹಿಂದಿನ ಹಗಲು ಹೊಟ್ಟೆ ತುಂಬ ಉಣ್ಣುತ್ತಾರೆ. ಒಂಬತ್ತನೆಯ ದಿನ ಉಂಡವನು ಒಂಬತ್ತು ಮತ್ತು ಹತ್ತು ಎರಡೂ ದಿನ ಉಪವಾಸವಿದ್ದಂತೆ ಎಂದು, ಮಿಷ್ನಾದ ಮೇಲಿನ ವಿಸ್ತಾರವಾದ ಚರ್ಚೆಗಳ ಗ್ರಂಥವಾದ ತಾಲ್ಮುಡ್ ಹೇಳುತ್ತದೆ. ಆ ಊಟವೂ ವಿಧಿಯ ಭಾಗವೇ. ಶನಿವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಲ್ಲಿ ಬೇರೆ ಉಪವಾಸಗಳನ್ನು ಮುಂದೂಡುತ್ತಾರೆ, ಇದೊಂದನ್ನು ಮಾತ್ರ ಮುಂದೂಡುವುದಿಲ್ಲ. ಮಿಷ್ನಾದ ಇನ್ನೊಂದು ಭಾಗದಲ್ಲಿ ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್ ಅವರ ಮಾತೊಂದು ದಾಖಲಾಗಿದೆ. ಅವರ ಪ್ರಕಾರ ಆವ್ ತಿಂಗಳ ಹದಿನೈದನೆಯ ದಿನ ಮತ್ತು ಯೋಮ್ ಕಿಪ್ಪುರ್ ಇವುಗಳಷ್ಟು ಸಂತೋಷದ ದಿನಗಳು ಇಸ್ರಾಯೇಲಿಗೆ ಇರಲಿಲ್ಲ. ಆ ದಿನಗಳಲ್ಲಿ ಯೆರೂಸಲೇಮಿನ ಹೆಣ್ಣುಮಕ್ಕಳು ಬಿಳಿಯ ಬಟ್ಟೆ ಉಟ್ಟು ದ್ರಾಕ್ಷಿತೋಟಗಳಲ್ಲಿ ಕುಣಿಯಲು ಹೋಗುತ್ತಿದ್ದರು. ಆ ಬಟ್ಟೆಗಳೆಲ್ಲ ಒಬ್ಬರಿಂದೊಬ್ಬರು ಕಡ ತಂದವು, ಏಕೆಂದರೆ ಬಟ್ಟೆಯಿಲ್ಲದ ಹುಡುಗಿಗೆ ನಾಚಿಕೆಯಾಗಬಾರದು. ಈ ಒಂದು ವಿವರ ನನಗೆ ಬಹಳ ಪ್ರಿಯವಾದದ್ದು. ಕ್ಷಮೆ ದೊರೆಯುತ್ತದೆಂಬ ಭರವಸೆ ಇರುವುದರಿಂದಲೇ ಆ ದಿನ ಗಂಭೀರವಾಗಿಯೂ ಸಂತೋಷವಾಗಿಯೂ ಇರಲು ಸಾಧ್ಯವಾಗುತ್ತದೆ.

ಪ್ರಾಚೀನ ಕಾಲದಲ್ಲಿ ದಿನದ ಭಾರವೆಲ್ಲ ಮಹಾಯಾಜಕನ ಹೆಗಲ ಮೇಲಿತ್ತು. ಏಳು ದಿನ ಮೊದಲೇ ಅವನನ್ನು ಮನೆಯಿಂದ ಬೇರ್ಪಡಿಸಿ ದೇವಾಲಯದ ಕೊಠಡಿಯಲ್ಲಿ ಇರಿಸುತ್ತಿದ್ದರು. ಹಿಂದಿನ ರಾತ್ರಿ ನಿದ್ರಿಸಲು ಬಿಡುತ್ತಿರಲಿಲ್ಲ. ಬೆಳಗ್ಗೆ ನಾರುಬಟ್ಟೆಯ ಬಿಳಿಯ ಉಡುಪಿನಲ್ಲಿ ಅವನು ಮೊದಲು ತನ್ನ ಮತ್ತು ತನ್ನ ಮನೆಯವರ, ಆಮೇಲೆ ಯಾಜಕವರ್ಗದ, ಕೊನೆಗೆ ಇಡೀ ಜನಾಂಗದ ಪಾಪಗಳನ್ನು ಒಪ್ಪಿಕೊಳ್ಳುತ್ತಿದ್ದನು. ಎರಡು ಹೋತಗಳ ಮೇಲೆ ಚೀಟಿ ಎತ್ತಿ, ಒಂದನ್ನು ದೇವರಿಗೆ ಬಲಿಕೊಟ್ಟು, ಜನಾಂಗದ ಪಾಪಗಳನ್ನು ಹೊರಿಸಿದ ಇನ್ನೊಂದನ್ನು ಅರಣ್ಯಕ್ಕೆ, ಅಜಾಜೇಲನೆಡೆಗೆ, ಕಳುಹಿಸುತ್ತಿದ್ದರು. ಮಹಾಪವಿತ್ರಸ್ಥಾನದೊಳಕ್ಕೆ ಮನುಷ್ಯನೊಬ್ಬ ಕಾಲಿಡುತ್ತಿದ್ದುದು ವರ್ಷದಲ್ಲಿ ಆ ಒಂದು ದಿನ ಮಾತ್ರ.

ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಸುಟ್ಟ ಮೇಲೆ ಈ ಯಾವುದೂ ಉಳಿಯಲಿಲ್ಲ. ಹಾಳುಬಿದ್ದ ದೇವಾಲಯವನ್ನು ನೋಡಿ ರಬ್ಬಿ (ಧರ್ಮಗುರು) ಯೆಹೋಶುವಾ, ನಮ್ಮ ಪಾಪಗಳು ಪರಿಹಾರವಾಗುತ್ತಿದ್ದ ಸ್ಥಳವೇ ಹೋಯಿತಲ್ಲ ಎಂದು ಅತ್ತಾಗ, ಅವರ ಗುರು ಯೋಹಾನಾನ್ ಬೆನ್ ಜಕ್ಕಾಯ್, ಅದಕ್ಕೆ ಸಮನಾದ ಇನ್ನೊಂದು ಪರಿಹಾರ ನಮಗಿದೆ, ಅದು ದಯೆಯ ಕಾರ್ಯ ಎಂದು ಸಂತೈಸಿದರೆಂಬ ಕಥೆಯನ್ನು ರಬ್ಬಿಗಳ ಗ್ರಂಥಗಳು ಹೇಳುತ್ತವೆ. ಬಲಿಗಿಂತ ಕರುಣೆಯೇ ನನಗಿಷ್ಟ ಎಂಬ ಹೋಶೇಯ ಪ್ರವಾದಿಯ ನುಡಿ ಅವರಿಗೆ ಆಧಾರವಾಗಿತ್ತು. ಇಂದು ನಾವು ಕಾಣುವ ಯೋಮ್ ಕಿಪ್ಪುರ್ ಹುಟ್ಟಿದ್ದು ಈ ತಿರುವಿನಲ್ಲಿ ಎಂದು ನನ್ನ ತಿಳಿವಳಿಕೆ. ಯಾಜಕನೊಬ್ಬ ಎಲ್ಲರ ಪರವಾಗಿ ಮಾಡುತ್ತಿದ್ದ ಕೆಲಸವನ್ನು ಆಮೇಲೆ ಪ್ರತಿಯೊಬ್ಬನೂ ತಾನೇ ಮಾಡಬೇಕಾಯಿತು.

ಪಂಚಾಂಗಪ್ರಿಯ:

ದಿನಗಳು ಕೂಡಿಬಂದುದರ ಕಾರಣವನ್ನು ಹೇಳಿಬಿಡುತ್ತೇನೆ. ಹೀಬ್ರೂ ಪಂಚಾಂಗವೂ ನಮ್ಮ ಹಾಗೆ ಚಾಂದ್ರಮಾನ ತಿಂಗಳುಗಳನ್ನು ಸೌರವರ್ಷಕ್ಕೆ ಹೊಂದಿಸುತ್ತದೆ. 19 ವರ್ಷಗಳಲ್ಲಿ 7 ಅಧಿಕಮಾಸಗಳು ಬರುತ್ತವೆ. ತಿಶ್ರೀಯ ಹತ್ತನೆಯ ದಿನವೂ ಆಶ್ವಯುಜ ಶುದ್ಧ ದಶಮಿಯೂ ಅಮಾವಾಸ್ಯೆ ಕಳೆದ ಹತ್ತನೆಯ ದಿನದ ಆಸುಪಾಸಿನಲ್ಲೇ ಬೀಳುತ್ತವೆ. ಆದ್ದರಿಂದ 2022, 2024 ಮತ್ತು 2025ರಲ್ಲಿ ಎರಡೂ ಒಂದೇ ದಿನ ಬಂದವು. 2023ರಲ್ಲಿ ನಮಗೆ ಅಧಿಕ ಶ್ರಾವಣ ಬಂದುದರಿಂದ ಯೋಮ್ ಕಿಪ್ಪುರ್ ಸೆಪ್ಟೆಂಬರ್ 25ಕ್ಕೂ ವಿಜಯದಶಮಿ ಅಕ್ಟೋಬರ್ 24ಕ್ಕೂ ಸರಿದವು. ಎರಡು ಹಬ್ಬಗಳಿಗೂ ಅರ್ಥದಲ್ಲಿ ಯಾವ ನಂಟೂ ಇಲ್ಲ.

ಬಸದಿಬೀದಿ:

ನಾನು ಜೈನ ಮನೆತನದವಳು. ತಾಳೆಗರಿಯವರ ಬರಹ ಓದುವಾಗ ನಮ್ಮ ಕ್ಷಮಾವಣಿ ನೆನಪಾಗದೆ ಇರಲಿಲ್ಲ. ದಶಲಕ್ಷಣ ಪರ್ವ ಮುಗಿದ ಮೇಲೆ, ಭಾದ್ರಪದ ಬಹುಳ ಪಾಡ್ಯದಂದು, ನಾವೂ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತೇವೆ. ‘ಖಮ್ಮಾಮಿ ಸವ್ವಜೀವಾಣಂ’ ಎಂದು ಹೇಳುವಾಗ ಮನುಷ್ಯರಷ್ಟೇ ಅಲ್ಲ, ಸಕಲ ಜೀವಿಗಳೂ ಆ ಕ್ಷಮೆಯ ವ್ಯಾಪ್ತಿಗೆ ಬರುತ್ತವೆ. ನಮ್ಮಲ್ಲಿ ಕ್ಷಮಿಸುವ ಸೃಷ್ಟಿಕರ್ತನಿಲ್ಲ, ಕರ್ಮವನ್ನು ಅವರವರೇ ಸವೆಸಬೇಕು. ಅವರಲ್ಲಿ ಕ್ಷಮಿಸುವ ದೇವರಿದ್ದಾನೆ. ಆದರೂ ಆ ದೇವರೇ, ನಿನ್ನ ನೆರೆಯವನ ಬಳಿ ಮೊದಲು ಹೋಗಿ ಬಾ ಎನ್ನುವಂತಿದೆ. ಈಗ ನನ್ನ ಪ್ರಶ್ನೆ. ಕ್ಷಮೆ ಕೇಳುವುದು ವಾಡಿಕೆಯ ಮಾತಾಗಿಬಿಟ್ಟರೆ, ಒಂದೇ ಸಂದೇಶವನ್ನು ಫೋನಿನಲ್ಲಿ ಇನ್ನೂರು ಜನಕ್ಕೆ ಕಳುಹಿಸಿ ಮುಗಿಸಿದರೆ, ಅದು ಕ್ಷಮೆಯೇ? ಎದುರಿನವನು ಕ್ಷಮಿಸಲು ಒಪ್ಪದಿದ್ದರೆ ಯೆಹೂದ್ಯರಲ್ಲಿ ಏನು ಮಾಡುತ್ತಾರೆ?

ತಾಳೆಗರಿ:

12ನೆಯ ಶತಮಾನದ ಮಹಾಪಂಡಿತ ಮೈಮೊನಿಡೀಸ್ ಇದನ್ನು ಕಾನೂನಿನಷ್ಟೇ ಸ್ಪಷ್ಟವಾಗಿ ಬರೆದಿದ್ದಾರೆ. ಯಾರಿಗಾದರೂ ಗಾಯ ಮಾಡಿದ್ದರೆ, ಶಪಿಸಿದ್ದರೆ, ಯಾರದಾದರೂ ವಸ್ತುವನ್ನು ಕಿತ್ತುಕೊಂಡಿದ್ದರೆ ಮೊದಲು ಬಾಕಿಯನ್ನು ತೀರಿಸಬೇಕು. ಹಣ ಕೊಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ, ಅವನ ಮನಸ್ಸನ್ನೂ ಒಲಿಸಿಕೊಳ್ಳಬೇಕು. ಒಪ್ಪದಿದ್ದರೆ ಅವನ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಬೇಕು. ಆಗಲೂ ಒಪ್ಪದಿದ್ದರೆ ಎರಡನೆಯ ಸಲ, ಮೂರನೆಯ ಸಲ ಹೋಗಬೇಕು. ಅದಾದ ಮೇಲೂ ಕ್ಷಮಿಸದವನನ್ನು ಬಿಟ್ಟು ಹೊರಡಬಹುದು. ಅಲ್ಲಿಂದ ಮುಂದೆ ಪಾಪ ಆ ನಿರಾಕರಿಸಿದವನದು. ನೊಂದವನು ಗುರುವಾಗಿದ್ದರೆ ಮಾತ್ರ ಸಾವಿರ ಸಲವಾದರೂ ಹೋಗಬೇಕು. ನೊಂದವನು ತೀರಿಹೋಗಿದ್ದರೆ ಹತ್ತು ಮಂದಿಯನ್ನು ಅವನ ಸಮಾಧಿಯ ಬಳಿ ಕರೆದೊಯ್ದು ಅವರ ಎದುರಿನಲ್ಲಿ ತಪ್ಪನ್ನು ಹೇಳಿಕೊಳ್ಳಬೇಕು.

ಹೀಗಿರುವಾಗ ಇನ್ನೂರು ಜನಕ್ಕೆ ಕಳುಹಿಸಿದ ಸಂದೇಶ ಈ ಅಳತೆಗೆ ಸಾಲದು. ಪಶ್ಚಾತ್ತಾಪ ಪೂರ್ಣವಾಯಿತೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಮೈಮೊನಿಡೀಸ್ ಕೊಡುವ ಉತ್ತರವೂ ಅಷ್ಟೇ ನಿಷ್ಠುರವಾದದ್ದು. ಅದೇ ಸಂದರ್ಭ ಮತ್ತೆ ಒದಗಿ, ಅದೇ ತಪ್ಪು ಮಾಡುವ ಶಕ್ತಿ ಮತ್ತು ಅವಕಾಶ ಎರಡೂ ಇರುವಾಗ, ಭಯದಿಂದಲೋ ಅಶಕ್ತಿಯಿಂದಲೋ ಅಲ್ಲದೆ ಪಶ್ಚಾತ್ತಾಪದಿಂದಲೇ ಮನುಷ್ಯ ಹಿಂದೆ ಸರಿದರೆ ಅದು ಪೂರ್ಣವಾದ ಪಶ್ಚಾತ್ತಾಪ.

ಕ್ಷಮಿಸಲು ಒಪ್ಪದವರ ಕಥೆ ತಾಲ್ಮುಡ್‌ನಲ್ಲೇ ಇದೆ. ರವ್ ಎಂಬ ವಿದ್ವಾಂಸರು ಗುರುವಿನ ಮುಂದೆ ಪಾಠ ಓದುತ್ತಿದ್ದಾಗ ಹಿರಿಯರೊಬ್ಬರು ಒಳಗೆ ಬಂದರು, ರವ್ ಮತ್ತೆ ಮೊದಲಿನಿಂದ ಓದಿದರು. ಇನ್ನೊಬ್ಬರು ಬಂದರು, ಮತ್ತೆ ಮೊದಲಿನಿಂದ ಓದಿದರು. ಕೊನೆಗೆ ರಬ್ಬಿ ಹನೀನಾ ಬಂದಾಗ, ಎಷ್ಟು ಸಲ ಹಿಂದಕ್ಕೆ ಹೋಗಲಿ ಎಂದು ಮುಂದುವರಿಸಿಬಿಟ್ಟರು. ಹನೀನಾ ನೊಂದುಕೊಂಡರು. ರವ್ ಹದಿಮೂರು ವರ್ಷ, ಪ್ರತಿ ಯೋಮ್ ಕಿಪ್ಪುರ್‌ನ ಹಿಂದಿನ ದಿನ, ಅವರ ಬಳಿಗೆ ಹೋಗಿ ಕ್ಷಮೆ ಕೇಳಿದರು, ಹನೀನಾ ಕ್ಷಮಿಸಲಿಲ್ಲ. ಅಷ್ಟು ದೊಡ್ಡವರು ಕ್ಷಮಿಸದೆ ಹೇಗಿದ್ದರು ಎಂದು ತಾಲ್ಮುಡ್ ತಾನೇ ಕೇಳಿಕೊಂಡು, ಅದಕ್ಕೊಂದು ಸಮಜಾಯಿಷಿಯನ್ನೂ ಕೊಡುತ್ತದೆ. ಆ ಸಮಜಾಯಿಷಿ ನನ್ನನ್ನು ಪೂರ್ತಿಯಾಗಿ ಒಪ್ಪಿಸಿಲ್ಲ. ನನಗೆ ಮುಖ್ಯವೆನಿಸುವುದು ಜಗಳದ ಕಾರಣ ಎಷ್ಟು ಚಿಕ್ಕದು ಎಂಬುದು. ಕೊಲೆಯಲ್ಲ, ಕಳವಲ್ಲ, ಒಂದು ಸಣ್ಣ ಅಗೌರವ. ಅದಕ್ಕೂ ಉಪವಾಸದ ಮುನ್ನಾದಿನ ಕಾಲ್ನಡೆಯಲ್ಲಿ ಹೋಗಿ ಬಾಗಿಲು ತಟ್ಟಬೇಕೆಂದು ಆ ಪರಂಪರೆ ತಿಳಿದಿತ್ತು.

ನೇರನುಡಿ:

ಎಲ್ಲವೂ ಸರಿ. ಆದರೆ ಆ ದಿನದ ಆರಂಭದ ಪ್ರಾರ್ಥನೆಯಾದ ಕೋಲ್ ನಿದ್ರೇಯಲ್ಲಿ ಮಾಡಿದ ಪ್ರತಿಜ್ಞೆಗಳೆಲ್ಲ ರದ್ದಾಗಲಿ ಎಂದು ಘೋಷಿಸುತ್ತಾರೆಂದು ಓದಿದ್ದೇನೆ. ಒಂದು ಕಡೆ ಮಾತಿನ ಹೊಣೆ ಹೊರಬೇಕೆಂದು ಹೇಳಿ, ಇನ್ನೊಂದು ಕಡೆ ಕೊಟ್ಟ ಮಾತನ್ನೇ ಅಳಿಸಿಹಾಕುವುದು ಹೇಗೆ ಸರಿಹೋಗುತ್ತದೆ? ಇದನ್ನು ಮುಚ್ಚಿಡದೆ ಚರ್ಚಿಸಬೇಕು.

ತಾಳೆಗರಿ:

ಮುಚ್ಚಿಡುವಂಥದ್ದು ಏನೂ ಇಲ್ಲ. ಅದನ್ನು ಮೊದಲು ಪ್ರಶ್ನಿಸಿದವರು ರಬ್ಬಿಗಳೇ. 9ನೆಯ ಶತಮಾನದಲ್ಲಿ ಬಾಬಿಲೋನಿನ ಅಮ್ರಾಮ್ ಗಾವೋನ್ ತಮ್ಮ ಪ್ರಾರ್ಥನಾ ಸಂಗ್ರಹದಲ್ಲಿ ಇದರ ಪಾಠವನ್ನು ಕೊಟ್ಟು, ಇದೊಂದು ಮೂರ್ಖ ಆಚಾರವೆಂದು ಟೀಕಿಸಿದರು. 12ನೆಯ ಶತಮಾನದಲ್ಲಿ ಫ್ರಾನ್ಸಿನ ರಬ್ಬೇನು ತಾಮ್, ಕಳೆದ ವರ್ಷದ ಪ್ರತಿಜ್ಞೆಗಳನ್ನು ಹೀಗೆ ರದ್ದುಮಾಡಲು ಬರುವುದಿಲ್ಲವೆಂದು ವಾದಿಸಿ, ಈ ಯೋಮ್ ಕಿಪ್ಪುರ್‌ನಿಂದ ಮುಂದಿನ ಯೋಮ್ ಕಿಪ್ಪುರ್‌ವರೆಗಿನ ಪ್ರತಿಜ್ಞೆಗಳು ಎಂಬ ರೂಪಕ್ಕೆ ಪಾಠವನ್ನು ತಿದ್ದಿದರು. 1844ರಲ್ಲಿ ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಸೇರಿದ ಸುಧಾರಣಾವಾದಿ ರಬ್ಬಿಗಳು ಇದರ ಅಗತ್ಯವೇ ಇಲ್ಲ ಎಂದರು. ಇಷ್ಟಾದರೂ ಜನ ಅದನ್ನು ಬಿಡಲಿಲ್ಲ.

ಇದರ ವ್ಯಾಪ್ತಿ ಬಹಳ ಕಿರಿದು. ಒಬ್ಬ ವ್ಯಕ್ತಿ ತಾನಾಗಿ ದೇವರೆದುರು ಹೊತ್ತುಕೊಂಡ ಹರಕೆಗಳಿಗೆ ಮಾತ್ರ ಇದು ಸಂಬಂಧಿಸಿದೆ. ಇನ್ನೊಬ್ಬನಿಗೆ ಕೊಟ್ಟ ಮಾತು, ವ್ಯಾಪಾರದ ಕರಾರು, ನ್ಯಾಯಾಲಯದ ಪ್ರಮಾಣ ಇವು ಯಾವುದನ್ನೂ ಇದು ಮುಟ್ಟುವುದಿಲ್ಲ. ಈ ಭೇದವನ್ನು ಮರೆಮಾಚಿ, ಯೆಹೂದ್ಯನ ಮಾತನ್ನು ನಂಬಲಾಗದು ಎಂದು ಯೂರೋಪಿನಲ್ಲಿ ಶತಮಾನಗಳ ಕಾಲ ಅಪಪ್ರಚಾರ ಮಾಡಿದರು. ನ್ಯಾಯಾಲಯಗಳಲ್ಲಿ ಯೆಹೂದ್ಯರಿಂದ ಅವಮಾನಕರವಾದ ಪ್ರತ್ಯೇಕ ಪ್ರಮಾಣವನ್ನು ಮಾಡಿಸಿಕೊಂಡರು. ಸ್ಪೇನಿನಲ್ಲಿ ಬಲವಂತವಾಗಿ ಮತಾಂತರಗೊಂಡವರು ರಚಿಸಿದ ಪ್ರಾರ್ಥನೆ ಇದು ಎಂಬ ಜನಪ್ರಿಯ ಕಥೆಯೂ ನಿಲ್ಲುವುದಿಲ್ಲ, ಏಕೆಂದರೆ ಪಾಠ ಆ ಘಟನೆಗಳಿಗಿಂತ ಹಳೆಯದು. ಆದರೂ ಬಾಯಿ ಒಂದನ್ನೂ ಹೃದಯ ಇನ್ನೊಂದನ್ನೂ ಹೇಳಬೇಕಾಗಿ ಬಂದವರು ಅದರಲ್ಲಿ ತಮ್ಮ ನೋವನ್ನು ಕಂಡುಕೊಂಡಿದ್ದರೆ ಆಶ್ಚರ್ಯವಿಲ್ಲ.

ಕೋಲ್ ನಿದ್ರೇಗೆ ಮುನ್ನ ಹೇಳುವ ಒಂದು ಘೋಷಣೆಯ ಕಡೆಗೂ ನೇರನುಡಿಯವರು ಗಮನ ಕೊಡಬೇಕೆಂದು ಕೋರುತ್ತೇನೆ. ಮೇಲಿನ (ಸ್ವರ್ಗದ) ಸಭೆಯ ಮತ್ತು ಕೆಳಗಿನ (ಭೂಮಿಯ) ಸಭೆಯ ಒಪ್ಪಿಗೆಯೊಡನೆ, ತಪ್ಪಿತಸ್ಥರ ಜೊತೆಗೂಡಿ ಪ್ರಾರ್ಥಿಸಲು ಅನುಮತಿ ಇದೆ ಎಂದು ಅಲ್ಲಿ ಸಾರುತ್ತಾರೆ. 13ನೆಯ ಶತಮಾನದ ರೋಥೆನ್‌ಬರ್ಗಿನ ರಬ್ಬಿ ಮೇಯರ್ ಅವರ ಹೆಸರಿನೊಂದಿಗೆ ಈ ಘೋಷಣೆ ಸೇರಿಕೊಂಡಿದೆ. ಇದರ ಹಿಂದಿನ ವಿಚಾರ ತಾಲ್ಮುಡ್‌ನದು: ಇಸ್ರಾಯೇಲಿನ ತಪ್ಪಿತಸ್ಥರನ್ನು ಹೊರಗಿಟ್ಟ ಉಪವಾಸ ಉಪವಾಸವೇ ಅಲ್ಲ. ದೇವಾಲಯದ ಧೂಪದ ದ್ರವ್ಯಗಳಲ್ಲಿ ದುರ್ವಾಸನೆಯ ಗಾಲ್ಬನಮ್ ಅಂಟನ್ನೂ ಸೇರಿಸಲೇಬೇಕಾಗಿತ್ತು ಎಂಬುದನ್ನು ಅಲ್ಲಿ ಪ್ರಮಾಣವಾಗಿ ಕೊಡುತ್ತಾರೆ.

ಪಾಪನಿವೇದನೆಯೂ ಈ ಕಾರಣಕ್ಕೇ ಬಹುವಚನದಲ್ಲಿದೆ. ‘ನಾವು ಅಪರಾಧಿಗಳು, ನಾವು ದ್ರೋಹ ಮಾಡಿದೆವು’ ಎಂದು ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ, ಎದೆಯನ್ನು ಮೆಲ್ಲಗೆ ತಟ್ಟಿಕೊಳ್ಳುತ್ತಾ, ದಿನದ ಪ್ರಾರ್ಥನೆಗಳಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ‘ಅಲ್ ಖೇತ್’ ಎಂಬ ದೊಡ್ಡ ಪಟ್ಟಿಯಲ್ಲಿರುವುದು ಬಹುಪಾಲು ನಿತ್ಯದ ನೀತಿಯ ಮಾತುಗಳೇ: ಚಾಡಿ, ಸುಳ್ಳು, ಲಂಚ, ಬಡ್ಡಿ, ಅಪಹಾಸ್ಯ, ತಂದೆತಾಯಿ ಗುರುಗಳ ತಿರಸ್ಕಾರ, ಕಲ್ಲಾದ ಹೃದಯ. ಲಂಚವನ್ನೇ ಮುಟ್ಟದವನೂ ಲಂಚದ ಸಾಲನ್ನು ಹೇಳುತ್ತಾನೆ, ಏಕೆಂದರೆ ತನ್ನ ಊರಿನಲ್ಲಿ ನಡೆದ ಲಂಚಕ್ಕೆ ತಾನೂ ಹೊಣೆಗಾರ. ನಮ್ಮ ಸಾರ್ವಜನಿಕ ಬದುಕಿನಲ್ಲಿ ‘ಅವರು ತಪ್ಪು ಮಾಡಿದರು’ ಎಂಬ ವಾಕ್ಯ ಎಷ್ಟು ಸುಲಭವಾಗಿ ಬರುತ್ತದೆ ಎಂಬುದನ್ನು ನೆನೆದಾಗ, ಈ ‘ನಾವು’ ಎಷ್ಟು ಕಠಿಣವಾದ ಶಿಸ್ತು ಎಂಬುದು ಅರ್ಥವಾಗುತ್ತದೆ.

ನಾಡಿಮಿಡಿತ:

ವೃತ್ತಿಯಿಂದ ವೈದ್ಯೆಯಾದ ನನಗೆ ಈ ಉಪವಾಸದ ನಿಯಮಗಳಲ್ಲಿ ಗೌರವ ಮೂಡಿಸಿದ ಭಾಗ ಬೇರೆ. ಪ್ರಾಣಾಪಾಯವಿದ್ದರೆ ಉಪವಾಸವನ್ನು ಬಿಡಬಹುದು ಎಂದಷ್ಟೇ ಅಲ್ಲ, ಬಿಡಲೇಬೇಕು ಎಂದು ಯೆಹೂದಿ ಧರ್ಮಶಾಸ್ತ್ರ ಹೇಳುತ್ತದೆ. ಅಡುಗೆಯ ವಾಸನೆಗೆ ಗರ್ಭಿಣಿ ಬಯಕೆಯಿಂದ ತತ್ತರಿಸಿದರೆ ಅವಳು ಚೇತರಿಸಿಕೊಳ್ಳುವವರೆಗೆ ಉಣಿಸಬೇಕು ಎಂದು ಮಿಷ್ನಾ ವಿಧಿಸುತ್ತದೆ. ರೋಗಿಗೆ ಬಲ್ಲವರ ಸಲಹೆಯಂತೆ ಉಣಿಸಬೇಕು; ಬಲ್ಲವರಿಲ್ಲದಿದ್ದರೆ ಅವನು ಸಾಕೆನ್ನುವವರೆಗೆ ಉಣಿಸಬೇಕು. ತಾಲ್ಮುಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ರೋಗಿ ‘ನನಗೆ ಅನ್ನ ಬೇಕು’ ಎಂದು, ವೈದ್ಯ ‘ಬೇಕಿಲ್ಲ’ ಎಂದರೆ, ರೋಗಿಯ ಮಾತೇ ನಡೆಯಬೇಕು. ಹೃದಯದ ಕಹಿಯನ್ನು ಬಲ್ಲುದು ಹೃದಯವೇ ಎಂಬ ಜ್ಞಾನೋಕ್ತಿ ಅದಕ್ಕೆ ಆಧಾರ. 1848ರ ಕಾಲರಾ ಪಿಡುಗಿನಲ್ಲಿ ವಿಲ್ನಾದ ರಬ್ಬಿ ಇಸ್ರಾಯೇಲ್ ಸಲಾಂಟರ್, ಯೋಮ್ ಕಿಪ್ಪುರ್ ದಿನವೇ ಉಣ್ಣುವಂತೆ ಜನರಿಗೆ ಹೇಳಿದರೆಂಬ ಕಥೆಯನ್ನು ಆ ಸಮುದಾಯ ಇಂದಿಗೂ ಹೇಳಿಕೊಳ್ಳುತ್ತದೆ.

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ತೆಗೆದುಕೊಂಡು ವ್ರತವೆಂದು ಹಸಿದಿರುವುದನ್ನು ನಾನು ನಮ್ಮಲ್ಲಿ ಆಗಾಗ ನೋಡುತ್ತೇನೆ. ‘ದೇವರೇ ಬೇಡವೆನ್ನುತ್ತಾನೆ’ ಎಂದು ಅವರಿಗೆ ಹೇಳಲು ಸಾಧ್ಯವಾದರೆ ಎಷ್ಟು ಒಳ್ಳೆಯದು ಎಂದು ಮನಸ್ಸು ಹಂಬಲಿಸುತ್ತದೆ.

ಠಾಣೆಯ ಕನ್ನಡಿಗ:

ಈ ಚರ್ಚೆಯಲ್ಲಿ ನಮ್ಮ ನೆರೆಯ ಕೊಂಕಣದ ಯೆಹೂದ್ಯರಾದ ಬೆನೆ ಇಸ್ರೇಲ್ ಸಮುದಾಯದ ಮಾತು ಬಾರದಿದ್ದರೆ ಕೊರತೆಯಾಗುತ್ತದೆ. ಮರಾಠಿ ಮಾತನಾಡುವ, ಎಣ್ಣೆ ತೆಗೆಯುವ ಕಸುಬಿನಿಂದ ‘ಶನಿವಾರ್ ತೇಲಿ’ಗಳೆಂದು ಹೆಸರಾಗಿದ್ದ ಇವರು ಯೋಮ್ ಕಿಪ್ಪುರ್ ಅನ್ನು ‘ದಾರ್‌ಫಾಳ್ನಿಚಾ ಸಣ್’ ಎಂದು, ಅಂದರೆ ಬಾಗಿಲು ಮುಚ್ಚುವ ಹಬ್ಬವೆಂದು, ಕರೆಯುತ್ತಿದ್ದರು. ಮನೆಮಂದಿಯೆಲ್ಲ ಬಿಳಿಯ ಬಟ್ಟೆ ಉಟ್ಟು, ಬಾಗಿಲು ಹಾಕಿಕೊಂಡು, ಹೊರಗಿನವರ ಸಂಪರ್ಕವಿಲ್ಲದೆ ಉಪವಾಸವಿರುತ್ತಿದ್ದರು. ಮರುದಿನ ‘ಶಿಳಾ ಸಣ್’. ಆ ದಿನ ಬಡವರಿಗೆ ದಾನ, ಬಂಧುಮಿತ್ರರ ಭೇಟಿ. ಪ್ರಾರ್ಥನಾ ಪುಸ್ತಕಗಳಾಗಲಿ ರಬ್ಬಿಗಳಾಗಲಿ ಇಲ್ಲದ ಕಾಲದಲ್ಲಿ, ‘ಶೆಮಾ’ ಎಂಬ ಒಂದು ಪ್ರಾರ್ಥನೆಯ ನೆನಪು ಮಾತ್ರ ಉಳಿದಿದ್ದಾಗಲೂ, ಈ ಒಂದು ಉಪವಾಸವನ್ನು ಅವರು ಬಿಟ್ಟಿರಲಿಲ್ಲ ಎಂಬುದು ಸಾಮಾನ್ಯವಾದ ಸಂಗತಿಯಲ್ಲ.

ಮುಂಬಯಿಯ ಮೊದಲ ಸಿನಗಾಗ್ ಅನ್ನು 1796ರಲ್ಲಿ ಕಟ್ಟಿಸಿದ ಸಾಮುಯೇಲ್ ದಿವೇಕರ್ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು. ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಗಿ, ಬಿಡುಗಡೆಯಾದರೆ ಪ್ರಾರ್ಥನಾ ಮಂದಿರ ಕಟ್ಟಿಸುತ್ತೇನೆಂದು ಹರಸಿಕೊಂಡಿದ್ದರೆಂದು ಸಮುದಾಯದಲ್ಲಿ ಹೇಳಿಕೊಂಡು ಬಂದಿದ್ದಾರೆ. ನೇರನುಡಿಯವರ ಪ್ರಶ್ನೆಗೆ ಇದೂ ಒಂದು ಉತ್ತರ. ಠಾಣೆಯಲ್ಲೂ 1879ರ ಸಿನಗಾಗ್ ಒಂದಿದೆ. ಸಮುದಾಯದ ಬಹುಪಾಲು ಜನ ಇಸ್ರೇಲಿಗೆ ತೆರಳಿದ್ದರೂ ಅಲ್ಲಿ ಪ್ರಾರ್ಥನೆ ನಿಂತಿಲ್ಲ.

ಹೊಳೆದಂಡೆ:

ಎಲ್ಲರಿಗೂ ಧನ್ಯವಾದಗಳು. ನಾನು ಕೇಳಿದುದಕ್ಕಿಂತ ಬಹಳ ಹೆಚ್ಚು ದೊರೆಯಿತು. ಕೊನೆಯದಾಗಿ ಒಂದು ಸಂದೇಹ. ಆ ದಿನ ಮಧ್ಯಾಹ್ನ ಯೋನನ ಪುಸ್ತಕವನ್ನು ಓದುತ್ತಾರಂತೆ. ಮೀನಿನ ಹೊಟ್ಟೆಯೊಳಗೆ ಹೋಗಿ ಬಂದವನ ಕಥೆಗೂ ಪ್ರಾಯಶ್ಚಿತ್ತಕ್ಕೂ ಏನು ಸಂಬಂಧ?

ತಾಳೆಗರಿ:

ಮೀನನ್ನು ಬದಿಗಿಟ್ಟು ಓದಿದರೆ ಸಂಬಂಧ ಕಾಣುತ್ತದೆ. ಅದಕ್ಕೂ ಮುನ್ನ, ಬೆಳಗಿನ ಓದನ್ನು ಗಮನಿಸಬೇಕು. ಉಪವಾಸದ ದಿನವೇ, ಹಸಿದ ಸಭೆಯ ಎದುರಿಗೇ, ಯೆಶಾಯನ 58ನೆಯ ಅಧ್ಯಾಯವನ್ನು ಓದುತ್ತಾರೆ. ತಲೆಯನ್ನು ಜೊಂಡಿನಂತೆ ಬಗ್ಗಿಸಿ, ಗೋಣಿತಟ್ಟು ಬೂದಿ ಹಾಸಿಕೊಂಡರೆ ಅದು ಉಪವಾಸವಾಗುತ್ತದೆಯೇ ಎಂದು ಪ್ರವಾದಿ ಅಲ್ಲಿ ಪ್ರಶ್ನಿಸುತ್ತಾನೆ. ಅನ್ಯಾಯದ ಸಂಕೋಲೆಗಳನ್ನು ಬಿಚ್ಚುವುದು, ಹಸಿದವನೊಡನೆ ಅನ್ನ ಹಂಚಿಕೊಳ್ಳುವುದು, ಬೆತ್ತಲೆಯಿರುವವನಿಗೆ ಬಟ್ಟೆ ಹೊದಿಸುವುದು ದೇವರು ಬಯಸುವ ಉಪವಾಸ ಎನ್ನುತ್ತಾನೆ. ಒಂದು ಧರ್ಮ ತನ್ನ ಅತ್ಯಂತ ಪವಿತ್ರವಾದ ಆಚರಣೆಯ ನಡುವೆಯೇ ಆ ಆಚರಣೆಯನ್ನು ಪ್ರಶ್ನಿಸುವ ಪಾಠವನ್ನು ಇಟ್ಟುಕೊಂಡಿರುವುದು ನನಗೆ ಅಸಾಧಾರಣವಾಗಿ ಕಾಣುತ್ತದೆ.

ಯೋನನ ಕಥೆಯಲ್ಲಿ ಪಶ್ಚಾತ್ತಾಪ ಪಡುವವರು ಯೆಹೂದ್ಯರಲ್ಲ, ಶತ್ರುನಗರವಾದ ನಿನೆವೆಯ ಜನ. ರಾಜನಿಂದ ಹಿಡಿದು ದನಕರುಗಳವರೆಗೆ ಎಲ್ಲರೂ ಗೋಣಿತಟ್ಟು ಹೊದ್ದು ಉಪವಾಸವಿರುತ್ತಾರೆ. ಆದರೆ ದೇವರು ನೋಡಿದ್ದು ಗೋಣಿತಟ್ಟನ್ನಲ್ಲ, ಅವರು ದುರ್ಮಾರ್ಗದಿಂದ ತಿರುಗಿಕೊಂಡುದನ್ನು ಎಂದು ಮಿಷ್ನಾ ಬೊಟ್ಟುಮಾಡಿ ಹೇಳುತ್ತದೆ. ಕ್ಷಮೆ ದೊರೆತಾಗ ಸಿಟ್ಟಾಗುವವನು ಪ್ರವಾದಿಯಾದ ಯೋನನೇ. ತನ್ನ ವೈರಿಗೂ ಕ್ಷಮೆ ದಕ್ಕಬಹುದು ಎಂಬುದನ್ನು ಒಪ್ಪಲಾರದ ಮನುಷ್ಯನನ್ನು ಸಭೆಯ ಮುಂದೆ ನಿಲ್ಲಿಸಿದ ಮೇಲೆಯೇ ದಿನದ ಕೊನೆಯ ಪ್ರಾರ್ಥನೆಯಾದ ನೆಯಿಲಾ ಆರಂಭವಾಗುತ್ತದೆ. ಅದು ಸ್ವರ್ಗದ ಬಾಗಿಲುಗಳು ಮುಚ್ಚುವ ಹೊತ್ತು ಎಂಬ ಭಾವನೆ ಇರುವುದರಿಂದ, ದಿನವಿಡೀ ಹಸಿದವರೂ ಆ ಪ್ರಾರ್ಥನೆಯಲ್ಲಿ ಎದ್ದು ನಿಲ್ಲುತ್ತಾರೆ. ಕೊನೆಯಲ್ಲಿ ‘ಶೆಮಾ’ವನ್ನು ಒಮ್ಮೆ ಉಚ್ಚರಿಸಿ, ಯೆಹೋವನೇ ದೇವರು ಎಂಬರ್ಥದ ಘೋಷಣೆಯನ್ನು ಏಳು ಸಲ ಕೂಗಿ, ಶೋಫಾರ್ ಎಂಬ ಟಗರಿನ ಕೊಂಬನ್ನು ಊದುತ್ತಾರೆ. ಉಪವಾಸ ಬಿಟ್ಟ ಅದೇ ರಾತ್ರಿ, ಐದು ದಿನಗಳ ನಂತರ ಬರುವ ಸುಕ್ಕೋತ್ ಹಬ್ಬದ ಚಪ್ಪರಕ್ಕೆ ಮೊದಲ ಗೂಟ ಹೊಡೆಯುವ ವಾಡಿಕೆ ಹಲವು ಮನೆಗಳಲ್ಲಿದೆ. ಆ ಹಬ್ಬದ ಬಗ್ಗೆ ಆಸಕ್ತಿ ಇರುವವರು ಬೇರೆ ಚರ್ಚೆಯನ್ನು ಆರಂಭಿಸಿದರೆ ನಾನು ಸಂತೋಷದಿಂದ ಸೇರಿಕೊಳ್ಳುತ್ತೇನೆ.